ಅಪ್ಪ ಅಮ್ಮನನ್ನು ಕಸೀಸ್ ಪಕ್ಕದ ಆನ್-ವೋ ಕಲಾಂಕ್‌ಗೆ ಕರೆದುಕೊಂಡು ಹೋಗಬಹುದಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಮನೆಯವರು ಫ್ರಾನ್ಸಿನ ಲಿಯಾನ್‌ನಲ್ಲಿ ಇದ್ದೇವೆ. ತೀರ್ಥಹಳ್ಳಿಯಿಂದ ಅಪ್ಪ ಅಮ್ಮ ಮೇ 20ಕ್ಕೆ ಬರುತ್ತಿದ್ದಾರೆ. ಐದು ವಾರ ಇರುತ್ತಾರೆ. ಇಬ್ಬರಿಗೂ ಇದು ಮೊದಲ ವಿದೇಶ ಪ್ರಯಾಣ. ಪ್ಯಾರಿಸ್ ಹೇಗೂ ತೋರಿಸುತ್ತೇನೆ. ಆದರೆ ನನ್ನ ಮನಸ್ಸಿನಲ್ಲಿ ಇರುವ ಜಾಗ ಬೇರೆ.

ಎರಡು ವರ್ಷದ ಹಿಂದೆ ಆಫೀಸಿನವರ ಜೊತೆ ಮಾರ್ಸೆ ಹತ್ತಿರದ ಕಸೀಸ್‌ಗೆ ಹೋಗಿದ್ದೆ. ಅಲ್ಲಿಂದ ನಡೆದುಕೊಂಡು ಹೋಗಿ ಆನ್-ವೋ ನೋಡಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಲಾಂಕ್ ಅಂದರೆ ಎರಡೂ ಕಡೆ ಬಿಳಿ ಸುಣ್ಣದಕಲ್ಲಿನ ಗೋಡೆ ಎದ್ದು ನಿಂತು, ನಡುವೆ ಸಮುದ್ರ ಒಳಗೆ ಬಂದಿರುವ ಕಿರಿದಾದ ಕೊಲ್ಲಿ. ಮಾರ್ಸೆಯಿಂದ ಕಸೀಸ್‌ವರೆಗೆ ಇಂಥವು ಸಾಲಾಗಿ ಇವೆ. ಆನ್-ವೋದಲ್ಲಿ ಮೇಲಿನಿಂದ ಬಗ್ಗಿ ನೋಡಿದಾಗ ಒಂದು ಸಣ್ಣ ದೋಣಿ ನಿಂತಿತ್ತು. ಅದರ ನೆರಳು ತಳದ ಮರಳಿನ ಮೇಲೆ ಬೇರೆಯಾಗಿ ಬಿದ್ದಿತ್ತು. ನಡುವೆ ನೀರು ಇದೆ ಅಂತ ನಂಬೋದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಅವತ್ತೇ ಅಂದುಕೊಂಡೆ, ಇದನ್ನು ಅಪ್ಪನಿಗೆ ತೋರಿಸಬೇಕು ಅಂತ.

ಅಪ್ಪನಿಗೆ 66. ಅಡಿಕೆ ತೋಟದಲ್ಲಿ ದಿನವೂ ಓಡಾಡುವವರು, ಈಗಲೂ ಕೊಡಚಾದ್ರಿ ಹತ್ತುತ್ತಾರೆ. ಅಮ್ಮನಿಗೆ 61, ಬಲಗಾಲಿನ ಮಂಡಿ ನೋವು. ಸಮತಟ್ಟು ದಾರಿಯಲ್ಲಿ ಒಂದು ಗಂಟೆ ಆರಾಮಾಗಿ ನಡೆಯುತ್ತಾರೆ. ಇಳಿಜಾರು ಬಂದರೆ ಕಷ್ಟ.

ಇಬ್ಬರನ್ನೂ ಹೇಗೆ ಕರೆದುಕೊಂಡು ಹೋಗಲಿ? ನಡೆದಾ, ದೋಣಿಯಲ್ಲಾ? ಮೇ ಕೊನೆ ಒಳ್ಳೆಯದಾ, ಜೂನ್ ಒಳ್ಳೆಯದಾ? ಮೊದಲೇ ಬುಕ್ ಮಾಡಬೇಕು ಅಂತ ಎಲ್ಲೋ ಓದಿದೆ. ಅದು ಎಲ್ಲಾ ಕಲಾಂಕ್‌ಗಳಿಗೂ ಅನ್ವಯಿಸುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬಿಳಿಬಂಡೆ

ತುಂಗಾತೀರ ಅವರೇ, ನಾನು ಮಾರ್ಸೆಗೆ ಬಂದು ಒಂಬತ್ತು ವರ್ಷ ಆಯಿತು. ಚಳಿಗಾಲದಲ್ಲಿ ಹೆಚ್ಚುಕಡಿಮೆ ಪ್ರತಿ ಭಾನುವಾರ ಈ ಬೆಟ್ಟಗಳಲ್ಲೇ ಇರುತ್ತೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯದು ತಾರೀಖು. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಇಲ್ಲಿ ಕಾಡಿನ ಬೆಂಕಿಯ ಕಾಲ. ಆ ನಾಲ್ಕು ತಿಂಗಳು ಕಲಾಂಕ್ ದಾರಿಗಳು ತೆರೆದಿರುತ್ತವೋ ಇಲ್ಲವೋ ಅನ್ನೋದನ್ನು ಜಿಲ್ಲಾಡಳಿತ ದಿನದಿನಕ್ಕೆ ತೀರ್ಮಾನಿಸುತ್ತದೆ. ನಾಳೆಯ ವಿಷಯ ಇವತ್ತು ಸಂಜೆ ಆರಕ್ಕೆ ಗೊತ್ತಾಗುತ್ತದೆ. ಕೆಂಪು ಬಣ್ಣ ತೋರಿಸಿದರೆ ಕಾಲ್ನಡಿಗೆ ದಾರಿ ಪೂರ್ತಿ ಬಂದ್. ಮಿಸ್ತ್ರಾಲ್ ಅನ್ನುವ ಇಲ್ಲಿನ ಒಣ ಗಾಳಿ ಜೋರಾಗಿ ಬೀಸುವ ದಿನ ಕೆಂಪು ಬರುವುದು ಸಾಮಾನ್ಯ. ನೀವು ಲಿಯಾನ್‌ನಿಂದ ಟಿಕೆಟ್ ಬುಕ್ ಮಾಡಿ, ಹೋಟೆಲ್‌ಗೆ ದುಡ್ಡು ಕಟ್ಟಿ ಬಂದ ಮೇಲೆ ಹೀಗಾದರೆ ತುಂಬಾ ಬೇಜಾರಾಗುತ್ತದೆ. ಆದ್ದರಿಂದ ಮೇ ಕೊನೆಯ ವಾರವೇ ಬನ್ನಿ. ಬಿಸಿಲೂ ಹದವಾಗಿರುತ್ತದೆ, ಜನವೂ ಕಡಿಮೆ.

ಎರಡನೆಯದು ಬುಕ್ಕಿಂಗ್. ಆನ್-ವೋಗೆ ನಡೆದು ಹೋಗಲು ಬೇಡ. ಅದು ಬೇಕಿರುವುದು ಸುಜಿತೊನ್ ಕಲಾಂಕ್‌ಗೆ ಮತ್ತು ಅದರ ಪಕ್ಕದ ಪಿಯೆರ್-ತೊಂಬೆಗೆ. ಅದೂ ಬೇಸಿಗೆಯ ರಶ್ ದಿನಗಳಲ್ಲಿ ಮಾತ್ರ. 2022ರಿಂದ ಶುರುವಾಗಿದೆ. ದಿನಕ್ಕೆ 400 ಜನಕ್ಕೆ ಅವಕಾಶ. ದುಡ್ಡು ಇಲ್ಲ, ಆದರೆ ಬುಕ್ ಮಾಡದೆ ಹೋಗಿ ಸಿಕ್ಕಿಬಿದ್ದರೆ 68 ಯೂರೋ ದಂಡ.

ಮೂರನೆಯದು ಅಮ್ಮ. ಅಮ್ಮನನ್ನು ಆನ್-ವೋಗೆ ನಡೆಸಬೇಡಿ. ಇದನ್ನು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಕಸೀಸ್‌ನಿಂದ ಪೋರ್-ಮಿಯು, ಅಲ್ಲಿಂದ ಪೋರ್-ಪ್ಯಾನ್‌ವರೆಗೆ (ಎರಡೂ ಆನ್-ವೋಗಿಂತ ಮೊದಲು ಸಿಗುವ ಕಲಾಂಕ್‌ಗಳು) ದಾರಿ ಪರವಾಗಿಲ್ಲ. ಅಗಲವಾಗಿದೆ, ಅಲ್ಲಲ್ಲಿ ಕಲ್ಲು ಎದ್ದಿದೆ ಅಷ್ಟೆ. ಪೋರ್-ಪ್ಯಾನ್ ದಾಟಿದ ಮೇಲೆ ಒಂದು ದಿಬ್ಬ ಹತ್ತಿ, ಆಮೇಲೆ ಕಲ್ಲಿನ ಸಂದಿಯಲ್ಲಿ ಕಡಿದಾಗಿ ಇಳಿಯಬೇಕು. ವರ್ಷಗಟ್ಟಲೆ ಜನ ತುಳಿದು ತುಳಿದು ಆ ಕಲ್ಲು ಗಾಜಿನಷ್ಟು ನುಣುಪಾಗಿದೆ. ಇಳಿದಷ್ಟೇ ಮತ್ತೆ ಹತ್ತಬೇಕು. ಮಂಡಿ ನೋವಿರುವವರಿಗೆ ಅದು ಶಿಕ್ಷೆ.

ನನ್ನ ಸಲಹೆ: ನಾಲ್ಕೂ ಜನ ಒಟ್ಟಿಗೆ ಪೋರ್-ಪ್ಯಾನ್‌ವರೆಗೆ ಹೋಗಿ. ಅಲ್ಲಿ ಪೈನ್ ಮರದ ನೆರಳಿದೆ, ಸಣ್ಣ ಬೀಚ್ ಇದೆ. ಅಮ್ಮ ಅಲ್ಲೇ ಕೂತಿರಲಿ, ಜೊತೆಗೆ ನಿಮ್ಮಲ್ಲಿ ಒಬ್ಬರು ಇರಿ. ಅಪ್ಪನನ್ನು ಇನ್ನೊಬ್ಬರು ಆನ್-ವೋಗೆ ಕರೆದುಕೊಂಡು ಹೋಗಿ ಬನ್ನಿ. ಸಂಜೆ ಕಸೀಸ್ ಬಂದರಿನಿಂದ ಎಲ್ಲರೂ ದೋಣಿ ಹತ್ತಿ. ಮೂರು ಕಲಾಂಕ್ ತೋರಿಸುವ ಸುತ್ತು ಮುಕ್ಕಾಲು ಗಂಟೆಯದು. ಆನ್-ವೋ ಒಳಗೆ ಹೋಗಿ ತಿರುಗಿಸಿಕೊಂಡು ಬರುತ್ತಾರೆ. ಇಳಿಸುವುದಿಲ್ಲ, ಆದರೆ ಅಮ್ಮನೂ ನೋಡಿದ ಹಾಗಾಗುತ್ತದೆ.

ಕಾರಂಜಿಕೆರೆ

ಬಿಳಿಬಂಡೆ ಅವರು ಹೇಳಿದ್ದು ಅಕ್ಷರಶಃ ನಿಜ. ನನ್ನ ಅನುಭವ ಹೇಳುತ್ತೇನೆ, ಬೇರೆಯವರಿಗೆ ಉಪಯೋಗವಾಗಲಿ.

ನಾವು ತುಲೂಸ್‌ನಿಂದ ನಾಲ್ಕು ಜನ ಸ್ನೇಹಿತರು ಹೋಗಿದ್ದೆವು. ಸೆಪ್ಟೆಂಬರ್ ಮೊದಲ ವಾರ. ಆನ್-ವೋಗೆ ಇಳಿಯುವ ಆ ಸಂದಿಯಲ್ಲಿ ನಮ್ಮ ಗೆಳತಿ ಜಾರಿದಳು. ಕಾಲಲ್ಲಿ ಬೀಚ್ ಚಪ್ಪಲಿ. ಪಾದ ಒಳಗೆ ಮಡಚಿಕೊಂಡಿತು, ಐದೇ ನಿಮಿಷದಲ್ಲಿ ಬದನೆಕಾಯಿ ಹಾಗೆ ಊದಿತು. ಫೋನ್‌ನಲ್ಲಿ ಸಿಗ್ನಲ್ ಇಲ್ಲ. ನಾನು ವಾಪಸ್ ದಿಬ್ಬ ಹತ್ತಿ, ಸಿಗ್ನಲ್ ಸಿಕ್ಕ ಮೇಲೆ 112ಕ್ಕೆ ಕರೆ ಮಾಡಿದೆ. ಅಷ್ಟು ಹೊತ್ತು ಅವಳು ಬಿಸಿಲಲ್ಲೇ ಕೂತಿದ್ದಳು, ನೀರು ಮುಗಿದಿತ್ತು. ನಾಲ್ಕು ಜನಕ್ಕೆ ಎರಡು ಬಾಟಲಿ ತಂದಿದ್ದೆವು. ಇಡೀ ದಾರಿಯಲ್ಲಿ ಒಂದೇ ಒಂದು ನಲ್ಲಿ ಇಲ್ಲ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ತನ್ನ ಬಾಟಲಿ ಪೂರ್ತಿ ಕೊಟ್ಟು ಹೋದರು. ಅವರ ಮುಖ ಈಗಲೂ ನೆನಪಿದೆ.

ಒಬ್ಬರಿಗೆ ಎರಡು ಲೀಟರ್ ನೀರು, ತಳದಲ್ಲಿ ಹಿಡಿತ ಇರುವ ಶೂ. ಇವೆರಡಿಲ್ಲದೆ ಹೊರಡಲೇಬೇಡಿ.

ತುಂಗಾತೀರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪೋರ್-ಪ್ಯಾನ್ ಉಪಾಯ ನನಗೆ ಹೊಳೆದೇ ಇರಲಿಲ್ಲ. ಮೇ 28, 29ಕ್ಕೆ ಪ್ಲ್ಯಾನ್ ಮಾಡುತ್ತಿದ್ದೇನೆ. ನಮ್ಮ ಮನೆಯವರು ಅಮ್ಮನ ಜೊತೆ ಕೂರಲು ಒಪ್ಪಿದ್ದಾರೆ.

ಇನ್ನೊಂದು ಪ್ರಶ್ನೆ. ಅಪ್ಪ ಏನು ನೋಡಿದರೂ "ಇದು ಹೇಗಾಯ್ತು" ಅಂತ ಕೇಳುವವರು. ಈ ಕೊಲ್ಲಿಗಳು ಹೇಗಾದವು ಅಂತ ಯಾರಾದರೂ ಸರಳವಾಗಿ ಹೇಳುತ್ತೀರಾ?

ಶಿರಸಿಸೀಮೆ

ಇದು ನನಗೆ ಇಷ್ಟದ ವಿಷಯ. ಗ್ರೆನೋಬ್ಲ್‌ನಲ್ಲಿ ಓದುವಾಗ ನಮ್ಮನ್ನು ಅಲ್ಲಿಗೆ ಕಲ್ಲು ನೋಡಲು ಕರೆದುಕೊಂಡು ಹೋಗಿದ್ದರು.

ಆ ಬಿಳಿ ಕಲ್ಲು ಹುಟ್ಟಿದ್ದು ಸುಮಾರು 12 ಕೋಟಿ ವರ್ಷದ ಹಿಂದೆ, ಬೆಚ್ಚಗಿನ, ಆಳವಿಲ್ಲದ ಸಮುದ್ರದ ತಳದಲ್ಲಿ. ಚಿಪ್ಪು, ಹವಳ, ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಆಮೇಲೆ ನೆಲ ಮೇಲೆದ್ದಿತು. ಮಳೆ ನೀರು, ಹೊಳೆಗಳು ಅದನ್ನು ಕೊರೆದು ಕಣಿವೆ ಮಾಡಿದವು. ಅಂದರೆ ಕಲಾಂಕ್ ಮೂಲದಲ್ಲಿ ಹೊಳೆಯ ಕಣಿವೆ.

ಈಗ ಮುಖ್ಯ ವಿಷಯ. ಸುಮಾರು 20,000 ವರ್ಷದ ಹಿಂದೆ, ಹಿಮಯುಗದಲ್ಲಿ, ಸಮುದ್ರದ ಮಟ್ಟ ಈಗಿನದಕ್ಕಿಂತ 120 ಮೀಟರ್‌ನಷ್ಟು ಕೆಳಗಿತ್ತು. ದಡ ಎಷ್ಟೋ ಕಿಲೋಮೀಟರ್ ಆಚೆ ಇತ್ತು. ಹಿಮ ಕರಗಿ ನೀರು ಏರಿದಾಗ ಆ ಕಣಿವೆಗಳ ಬಾಯಿ ಮುಳುಗಿತು. ನೀವು ಆನ್-ವೋದಲ್ಲಿ ನೋಡುವುದು ಕಣಿವೆಯ ಮೇಲರ್ಧ ಮಾತ್ರ. ಉಳಿದದ್ದು ನೀರಿನೊಳಗೆ ಹಾಗೇ ಮುಂದುವರಿಯುತ್ತದೆ.

ಇದಕ್ಕೆ ಸಾಕ್ಷಿ ಅಲ್ಲೇ ಪಕ್ಕದಲ್ಲಿ, ಮೊರ್ಜಿಯು ಭೂಶಿರದಲ್ಲಿ ಇದೆ. 1985ರಲ್ಲಿ ಅನ್ರಿ ಕೊಸ್ಕೆರ್ ಅನ್ನುವ ಮುಳುಗುಗಾರರು ನೀರಿನ 37 ಮೀಟರ್ ಕೆಳಗೆ ಒಂದು ಸುರಂಗದ ಬಾಯಿ ಕಂಡರು. ಸುರಂಗ ಮೇಲೇರಿ ಒಂದು ಗುಹೆಗೆ ಹೋಗುತ್ತದೆ. ಅದರ ಒಂದು ಭಾಗ ಇನ್ನೂ ಮುಳುಗಿಲ್ಲ. ಅಲ್ಲಿ ಗೋಡೆಯ ಮೇಲೆ ಕೈಯಿಟ್ಟು ಬಣ್ಣ ಊದಿದ ಗುರುತುಗಳು, ಕುದುರೆ, ಸೀಲ್, ಪೆಂಗ್ವಿನ್ ತರಹದ ಹಕ್ಕಿ. ಆ ಹಕ್ಕಿಯ ಹೆಸರು ಗ್ರೇಟ್ ಆಕ್, ಈಗ ಅದರ ಸಂತತಿಯೇ ಇಲ್ಲ. ಕೆಲವು ಕೈಗುರುತು ಸುಮಾರು 27,000 ವರ್ಷ ಹಳೆಯವು. ಆಗಿನ ಜನ ನೆಲದ ಮೇಲೇ ನಡೆದು ಆ ಗುಹೆಗೆ ಹೋಗಿದ್ದರು. 1991ರಲ್ಲಿ ಮೂವರು ಮುಳುಗುಗಾರರು ಆ ಸುರಂಗದಲ್ಲಿ ದಾರಿ ತಪ್ಪಿ ತೀರಿಕೊಂಡರು. ಆಮೇಲೆಯೇ ಗುಹೆಯ ವಿಷಯ ಹೊರಗೆ ಬಂತು. ಈಗ ಬಾಯಿ ಮುಚ್ಚಿದ್ದಾರೆ. 2022ರಿಂದ ಮಾರ್ಸೆ ಬಂದರಿನ ಹತ್ತಿರ ಅದರದೇ ಪ್ರತಿರೂಪ ಕಟ್ಟಿ ತೋರಿಸುತ್ತಿದ್ದಾರೆ. ಅಮ್ಮನ ಮಂಡಿಗೆ ತೊಂದರೆ ಇಲ್ಲ, ಸಣ್ಣ ಗಾಡಿಯಲ್ಲಿ ಕೂರಿಸಿಕೊಂಡೇ ಸುತ್ತಿಸುತ್ತಾರೆ.

ಅಂದಹಾಗೆ, ನಿಮ್ಮಪ್ಪ ಯಾಣಕ್ಕೆ ಹೋಗಿರಬಹುದು. ಅದೂ ಸುಣ್ಣದಕಲ್ಲೇ. ಅಲ್ಲಿ ಕಪ್ಪು, ಸುತ್ತ ದಟ್ಟ ಕಾಡು. ಇಲ್ಲಿ ಬಿಳಿ, ಸುತ್ತ ಕುರುಚಲು. ಅವರಿಗೆ ಹಾಗೆ ಹೇಳಿ ನೋಡಿ, ಥಟ್ ಅಂತ ಅರ್ಥವಾಗುತ್ತದೆ.

ಕೋಡಿಕಡಲು

ಶಿರಸಿಸೀಮೆಯವರು ಕಲ್ಲಿನ ವಿಷಯ ಬರೆದರು. ನಾನು ನೀರಿನ ವಿಷಯ ಬರೆಯುತ್ತೇನೆ. ನಾನು ಕುಂದಾಪುರದ ಕಡೆಯವನು, ಈಗ ಮಾರ್ಸೆ ಹತ್ತಿರದ ಎಕ್ಸ್ (Aix) ಊರಿನಲ್ಲಿ ಇದ್ದೇನೆ.

ನಮ್ಮ ಕಡಲು ನೋಡಿ ಬೆಳೆದವರಿಗೆ ಇಲ್ಲಿ ಮೊದಲು ವಿಚಿತ್ರ ಅನ್ನಿಸುವುದು ಉಬ್ಬರ ಇಳಿತ ಇಲ್ಲದಿರುವುದು. ಇದೆ, ಆದರೆ ಗೇಣು ಲೆಕ್ಕದಲ್ಲಿ. ಬೆಳಿಗ್ಗೆ ಯಾವ ಕಲ್ಲಿನ ಮೇಲೆ ಚೀಲ ಇಟ್ಟಿರೋ ಸಂಜೆಗೂ ಅದು ಒಣಗಿಯೇ ಇರುತ್ತದೆ. ದೊಡ್ಡ ಹೊಳೆ ಈ ಬೆಟ್ಟದಿಂದ ಹೊರಗೆ ಬಂದು ಸೇರುವುದಿಲ್ಲ, ಹಾಗಾಗಿ ಕೆಸರಿಲ್ಲ. ಬಿದ್ದ ಮಳೆಯನ್ನೆಲ್ಲ ಕಲ್ಲು ಕುಡಿಯುತ್ತದೆ. ಅದು ನೆಲದೊಳಗೇ ಹರಿದು ಪೋರ್-ಮಿಯು ಹತ್ತಿರ ಸಮುದ್ರದ ಮಟ್ಟಕ್ಕಿಂತ ಕೆಳಗೆ ಹೊರಗೆ ಬರುತ್ತದೆ. ಆ ನೆಲದಡಿಯ ನದಿಗೆ 1970ರ ದಶಕದಲ್ಲಿ ಒಳಗೇ ಒಡ್ಡು ಕಟ್ಟಿ ಕುಡಿಯುವ ನೀರು ತೆಗೆಯಲು ನೋಡಿದರು. ಉಪ್ಪು ಪೂರ್ತಿ ಹೋಗಲೇ ಇಲ್ಲ, ಬಿಟ್ಟರು.

ನೀರು ತಣ್ಣಗಿರುತ್ತದೆ. ಮೇ ಕೊನೆಗೆ 17, 18 ಡಿಗ್ರಿ ಇದ್ದರೆ ಪುಣ್ಯ. ಬೇಸಿಗೆಯಲ್ಲೂ ಮಿಸ್ತ್ರಾಲ್ ಎರಡು ದಿನ ಬೀಸಿದರೆ ಸಾಕು, ಅದು ಮೇಲಿನ ಬಿಸಿ ನೀರನ್ನು ಆಚೆ ತಳ್ಳುತ್ತದೆ, ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ಆಕಾಶ ಶುಭ್ರ, ಬಿಸಿಲು ಖಡಕ್, ನೀರಿಗೆ ಕಾಲಿಟ್ಟರೆ ಮೂಳೆ ಕೊರೆಯುತ್ತದೆ. ಅಪ್ಪ ಈಜುವವರಾದರೆ ಒಮ್ಮೆಲೇ ಹಾರಲು ಬಿಡಬೇಡಿ. ಕಲ್ಲಿನ ಮೇಲೆ ಕಪ್ಪು ಮುಳ್ಳಿನ ಸೀ ಅರ್ಚಿನ್‌ಗಳೂ ಇರುತ್ತವೆ, ಬರಿಗಾಲಲ್ಲಿ ಇಳಿಯಬೇಡಿ.

ನೀರೊಳಗೆ ಕಪ್ಪಗೆ ಕಾಣುವ ಜಾಗಗಳು ಕೊಳಕಲ್ಲ. ಅದು ಪೊಸಿಡೋನಿಯ. ಪಾಚಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ, ಬೇರು, ಕಾಂಡ, ಹೂವು ಎಲ್ಲ ಇರುವ ಗಿಡ. ಹುಲ್ಲುಗಾವಲಿನ ಹಾಗೆ ಹರಡುತ್ತದೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುತ್ತದೆ. ಒಂದು ದೊಡ್ಡ ದೋಣಿ ಲಂಗರು ಹಾಕಿ ಎಳೆದರೆ ಎಷ್ಟೋ ವರ್ಷದ ಬೆಳೆ ಒಂದೇ ಏಟಿಗೆ ಕಿತ್ತುಬರುತ್ತದೆ. ಸ್ನಾರ್ಕೆಲ್ ಹಾಕಿ ಅದರ ಮೇಲೆ ತೇಲಿದಾಗ, ಗಾಳಿಗೆ ಗದ್ದೆ ತೂಗಿದ ಹಾಗೆ ಇಡೀ ಹಾಸು ಒಂದೇ ಕಡೆಗೆ ಬಾಗುತ್ತದೆ. ಸಣ್ಣ ಮೀನುಗಳು ಅದರೊಳಗೆ ನುಗ್ಗಿ ಮಾಯವಾಗುತ್ತವೆ. ಲಂಗರು ಎಳೆದ ಜಾಗದಲ್ಲಿ ಬೋಳು ಗೆರೆ ಕಾಣುತ್ತದೆ. ಅದನ್ನು ಒಮ್ಮೆ ಕಣ್ಣಾರೆ ನೋಡಿದ ಮೇಲೆ ನಾನು ಬಾಡಿಗೆ ದೋಣಿ ತೆಗೆದುಕೊಳ್ಳುವುದನ್ನೇ ಬಿಟ್ಟೆ.

ಗೋಧಿಹುಗ್ಗಿ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಈ ಬುಕ್ಕಿಂಗ್ ವ್ಯವಸ್ಥೆಯ ಬಗ್ಗೆ ನನಗೆ ಒಪ್ಪಿಗೆ ಇಲ್ಲ, ಹೇಳಿಯೇ ಬಿಡುತ್ತೇನೆ.

ಹೋದ ಜುಲೈನಲ್ಲಿ ಧಾರವಾಡದಿಂದ ಅಣ್ಣನ ಮನೆಯವರು ಬಂದಿದ್ದರು. ಪ್ಯಾರಿಸ್‌ನಿಂದ ಮಾರ್ಸೆಗೆ ಹೋದೆವು. ಸುಜಿತೊನ್ ನೋಡಬೇಕು ಅಂತ ಮಕ್ಕಳು ಆಸೆಪಟ್ಟಿದ್ದರು. ಜಾಗ ತುಂಬಿಹೋಗಿತ್ತು. ದಾರಿಯಲ್ಲೇ ತಡೆದು ವಾಪಸ್ ಕಳಿಸಿದರು. ಸಮುದ್ರ ಎಲ್ಲರದೂ ಅಲ್ವಾ ರೀ? ಇಂಟರ್ನೆಟ್‌ನಲ್ಲಿ ಬೆರಳು ಚುರುಕು ಇದ್ದವರಿಗೆ ಮಾತ್ರ ಅಂದರೆ ಅದು ನ್ಯಾಯವಾ? ಅಷ್ಟಕ್ಕೂ ಅಲ್ಲಿ ತಡೆದ ಜನ ಮನೆಗೆ ಹೋಗುವುದಿಲ್ಲ. ಪಕ್ಕದ ಕಲಾಂಕ್‌ಗೆ ಹೋಗುತ್ತಾರೆ. ಸುಜಿತೊನ್ ಉಳಿಯಿತು, ಮೊರ್ಜಿಯು ತುಂಬಿತು. ಇದರಿಂದ ಏನು ಸಾಧಿಸಿದಂತಾಯಿತು?

ಬಿಳಿಬಂಡೆ

ಗೋಧಿಹುಗ್ಗಿ ಅವರೇ, ಮಕ್ಕಳನ್ನು ಕರೆದುಕೊಂಡು ಅಷ್ಟು ದೂರ ಬಂದು ವಾಪಸ್ ಹೋಗುವುದು ನಿಜವಾಗಲೂ ನೋವಿನ ವಿಷಯ. ಜನ ಪಕ್ಕಕ್ಕೆ ಸರಿಯುತ್ತಾರೆ ಅನ್ನುವ ನಿಮ್ಮ ಮಾತನ್ನೂ ತಳ್ಳಿಹಾಕುವುದಿಲ್ಲ. ಆದರೆ ನಾನು ಸುಜಿತೊನ್ ಅನ್ನು ಮೊದಲೂ ನೋಡಿದ್ದೇನೆ, ಆಮೇಲೂ ನೋಡಿದ್ದೇನೆ. ಅದನ್ನು ಹೇಳಲು ಬಿಡಿ.

ಲುಮಿನಿಯ ಕ್ಯಾಂಪಸ್‌ವರೆಗೆ ಸಿಟಿ ಬಸ್ ಬರುತ್ತದೆ. ಇಳಿದು ಮುಕ್ಕಾಲು, ಒಂದು ಗಂಟೆ ನಡೆದರೆ ಸುಜಿತೊನ್. ಅಷ್ಟು ಸುಲಭ ಇದ್ದದ್ದೇ ಅದಕ್ಕೆ ಮುಳುವಾಯಿತು. ಕೆಲವು ದಿನ 2,500 ಜನರವರೆಗೆ ಬರುತ್ತಿದ್ದರು. ಆ ಬೀಚ್‌ನ ಅಳತೆ ನೋಡಿದರೆ ನಮ್ಮೂರ ದೇವಸ್ಥಾನದ ಅಂಗಳದಷ್ಟು. ಜನ ಇಳಿಜಾರಿನಲ್ಲೇ ಟವೆಲ್ ಹಾಸಿ ಕೂರುತ್ತಿದ್ದರು. ಕಾಲಡಿ ಮಣ್ಣು ಪುಡಿಯಾಗುತ್ತಿತ್ತು. ಮಳೆ ಬಂದಾಗ ಅದು ಸಮುದ್ರಕ್ಕೆ ಹೋಗುತ್ತಿತ್ತು. 2019ರಲ್ಲಿ ನಾನು ಅಲ್ಲಿ ಒಂದು ಪೈನ್ ಮರ ನೋಡಿದೆ. ಅದರ ಬೇರೆಲ್ಲ ನೆಲದಿಂದ ಮೊಳಕಾಲೆತ್ತರ ಮೇಲೆ ನಿಂತಿತ್ತು. ಕೆಳಗೆ ಮಣ್ಣೇ ಇಲ್ಲ. ಬೇರಿನ ಮೇಲ್ಮೈ ಹಳೇ ಮನೆಯ ಹೊಸ್ತಿಲಿನ ಹಾಗೆ ತುಳಿದು ಸವೆದು ಮಿರುಗುತ್ತಿತ್ತು. ಮರ ಹಸಿರಾಗಿಯೇ ಇತ್ತು, ಆದರೆ ಅದರ ಸುತ್ತ ಒಂದೂ ಸಸಿ ಇರಲಿಲ್ಲ. ಎಳೇ ಸಸಿ ಒಂದು ಬೇಸಿಗೆ ಬದುಕಿ ಉಳಿಯಲು ಅಲ್ಲಿ ಜಾಗವೇ ಇರಲಿಲ್ಲ. ದೊಡ್ಡ ಮರ ಬಿದ್ದರೆ ಅದರ ಹಿಂದೆ ಯಾರೂ ಇಲ್ಲ.

400ರ ಮಿತಿ ಬಂದ ಮೇಲೆ ಹೋದಾಗ ಅಲ್ಲೊಂದು ಇಲ್ಲೊಂದು ಹಸಿರು ಚಿಗುರು ಕಂಡೆ. ಹಗ್ಗ ಕಟ್ಟಿ ದಾರಿ ಗುರುತು ಮಾಡಿದ್ದರು. ನನಗೆ ಅದು ಸಾಕಾಯಿತು. ಜನ ಪಕ್ಕಕ್ಕೆ ಹೋಗುತ್ತಾರೆ ಅಂದರೆ ಪಕ್ಕದಲ್ಲೂ ಮಿತಿ ಬೇಕಾಗಬಹುದು. ಇಲ್ಲಿ ತೆಗೆಯಬೇಕು ಅಂತ ನನಗೆ ಅನ್ನಿಸುವುದಿಲ್ಲ.

ಮುಂಜಾವು

ನಮ್ಮಲ್ಲೂ ಇದೇ ಆಯಿತಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಒಂದೇ ವಾರಾಂತ್ಯಕ್ಕೆ ಜನ ಜಾತ್ರೆಯ ಹಾಗೆ ಸೇರಿದ್ದು ನೆನಪಿದೆಯಾ? ಆಮೇಲೆ ಅರಣ್ಯ ಇಲಾಖೆ ಚಾರಣಗಳನ್ನು ನಿಲ್ಲಿಸಿ ಆನ್‌ಲೈನ್ ಬುಕ್ಕಿಂಗ್ ತಂದಿತು. ಆಗ ನಾನೂ ಬೈದುಕೊಂಡಿದ್ದೆ. ಮುಂದಿನ ಸಲ ಬುಕ್ ಮಾಡಿ ಹೋದಾಗ ಹುಲ್ಲುಗಾವಲಿನ ಮೇಲೆ ಗಾಳಿಯ ಸದ್ದು ಕೇಳಿಸಿತು. ಅದಕ್ಕಿಂತ ಮುಂಚೆ ಬ್ಲೂಟೂತ್ ಸ್ಪೀಕರ್ ಸದ್ದು ಮಾತ್ರ ಕೇಳಿದ್ದೆ.

ಗೋಧಿಹುಗ್ಗಿ

ಬಿಳಿಬಂಡೆಯವರೇ, ಬೇರಿನ ವಿಷಯ ನನಗೆ ಗೊತ್ತಿರಲಿಲ್ಲ. ತಡೆದವರೂ ಅವತ್ತು ಇಷ್ಟು ವಿವರಿಸಿ ಹೇಳಿದ್ದರೆ ಮಕ್ಕಳಿಗೂ ಅರ್ಥವಾಗುತ್ತಿತ್ತು. ಆದರೂ ಹೊರದೇಶದಿಂದ ಬರುವ ವಯಸ್ಸಾದವರಿಗೆ, ಫೋನ್ ಬಳಸಲು ಬಾರದವರಿಗೆ ಒಂದಿಷ್ಟು ಜಾಗ ಬೇರೆಯಾಗಿ ಇಡಬೇಕು. ಅದನ್ನು ಬಿಡುವುದಿಲ್ಲ ನಾನು.

ಬಿಳಿಬಂಡೆ

ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಒಂದು ಹಳೇ ವಿಷಯವನ್ನೂ ಸೇರಿಸುತ್ತೇನೆ. ಪೋರ್-ಮಿಯುನಲ್ಲಿ ಹಿಂದೆ ಕಲ್ಲು ಕ್ವಾರಿ ಇತ್ತು. ನಡೆಯುವಾಗ ಕತ್ತರಿಸಿದ ಬಂಡೆಯ ಮುಖ ಕಾಣುತ್ತದೆ. 1910ರಲ್ಲಿ ಕ್ವಾರಿ ಇನ್ನಷ್ಟು ಬೆಳೆಯುತ್ತದೆ ಅಂತ ಗೊತ್ತಾದಾಗ ಮಾರ್ಸೆಯ ಚಾರಣಿಗರ ಸಂಘದವರು ಜನರನ್ನು ಸೇರಿಸಿ ಅಲ್ಲೇ ಪ್ರತಿಭಟನೆ ಮಾಡಿದರು. ರಾಷ್ಟ್ರೀಯ ಉದ್ಯಾನ ಆದದ್ದು 2012ರಲ್ಲಿ. ನಡುವೆ ನೂರು ವರ್ಷ. ಇಷ್ಟು ದೊಡ್ಡ ಊರಿನ ಪಕ್ಕದಲ್ಲಿ ಈ ಬೆಟ್ಟ ಮನೆಗಳಿಂದ ತುಂಬದೆ ಉಳಿದಿದ್ದು ತಾನಾಗಿಯೇ ಅಲ್ಲ.

ಕಾರಂಜಿಕೆರೆ

ಅಲ್ಲಿನ ಸಮುದ್ರಕ್ಕೆ ಕಾರ್ಖಾನೆಯ ಕೆಂಪು ಕೆಸರು ಬಿಡುತ್ತಾರೆ ಅಂತ ಯಾರೋ ಹೇಳಿದ್ದರು. ಈಜಬಹುದಾ?

ಕೋಡಿಕಡಲು

ಗಾರ್ದಾನ್ ಊರಿನ ಅಲ್ಯುಮಿನಾ ಕಾರ್ಖಾನೆಯದು. 1967ರಿಂದ 2015ರ ಕೊನೆಯವರೆಗೆ ಬಾಕ್ಸೈಟಿನ ಕೆಂಪು ಕೆಸರನ್ನು ಪೈಪಿನಲ್ಲಿ ತಂದು ಕಸೀಸ್ ಆಚೆಯ ಆಳದ ಕಂದಕಕ್ಕೆ ಬಿಡುತ್ತಿದ್ದರು. ಮೀನುಗಾರರು ವರ್ಷಗಟ್ಟಲೆ ಹೋರಾಡಿದರು. ಕೆಸರು ಬಿಡುವುದು ನಿಂತಿದೆ, ತಳದಲ್ಲಿ ಕೂತದ್ದು ಅಲ್ಲೇ ಇದೆ. ಅದು ದಡದಿಂದ ಕಿಲೋಮೀಟರ್‌ಗಟ್ಟಲೆ ದೂರ, ತುಂಬಾ ಆಳದಲ್ಲಿ. ಪೋರ್-ಪ್ಯಾನ್‌ನಲ್ಲಿ ನನ್ನ ಮಕ್ಕಳನ್ನು ನಾನೇ ಈಜಿಸುತ್ತೇನೆ.

ಮುಂಜಾವು

ಊಟದ ವಿಷಯ ಯಾರೂ ಹೇಳಲಿಲ್ಲ. ಅಪ್ಪ ಅಮ್ಮ ಸಸ್ಯಾಹಾರಿಗಳಾದರೆ ಮಾರ್ಸೆಯಲ್ಲಿ ಪಾನಿಸ್ ತಿನ್ನಿಸಿ. ಕಡಲೆಹಿಟ್ಟನ್ನು ನೀರಲ್ಲಿ ಮುದ್ದೆಯ ಹಾಗೆ ಕುದಿಸಿ, ಆರಿಸಿ, ಬಿಲ್ಲೆ ಕತ್ತರಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ಮೇಲೆ ಗರಿಗರಿ, ಒಳಗೆ ಮೆತ್ತಗೆ. ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ನಮ್ಮ ನಾಲಿಗೆಗೆ ಮೊದಲ ತುತ್ತಿಗೇ ಹಿಡಿಸುತ್ತದೆ. ಕಲಾಂಕ್‌ಗೆ ಮಾತ್ರ ಬುತ್ತಿ ಕಟ್ಟಿಕೊಂಡೇ ಹೋಗಿ. ಅಲ್ಲಿ ಒಲೆ ಹಚ್ಚುವುದು, ಸಿಗರೇಟು ಸೇದುವುದು ವರ್ಷಪೂರ್ತಿ ನಿಷೇಧ.

ಕಾರಿನಲ್ಲಿ ಹೋಗುವುದಾದರೆ ಊರೊಳಗೆ ಪಾರ್ಕಿಂಗ್ ಹುಡುಕಬೇಡಿ. ಊರ ಹೊರಗೆ ಗೊರ್ಗೆತ್ ಅಂತ ಪಾರ್ಕಿಂಗ್ ಇದೆ, ಸೀಸನ್‌ನಲ್ಲಿ ಅಲ್ಲಿಂದ ಊರಿಗೆ ಬಸ್ ಬಿಡುತ್ತಾರೆ. ರೈಲಾದರೆ ಕಸೀಸ್ ಸ್ಟೇಷನ್ ಊರಿನಿಂದ 3 ಕಿಲೋಮೀಟರ್ ದೂರ ಇದೆ. ಇಳಿದು ಬಸ್ ಹಿಡಿಯಿರಿ, ಅಮ್ಮನನ್ನು ನಡೆಸಬೇಡಿ.

ತುಂಗಾತೀರ

ಹೋಗಿ ಬಂದೆವು! ಎಲ್ಲರಿಗೂ ವರದಿ ಒಪ್ಪಿಸಲೇಬೇಕು.

ಮೇ 28ಕ್ಕೆ ಟಿಜಿವಿ ರೈಲಿನಲ್ಲಿ ಮಾರ್ಸೆ. ಮಧ್ಯಾಹ್ನ ಊರಿನ ನೆತ್ತಿಯ ಮೇಲಿರುವ ನೋತ್ರ್-ದಾಮ್ ದ ಲಾ ಗಾರ್ದ್ ಚರ್ಚಿಗೆ ಹೋದೆವು. ಅಮ್ಮ ಅಲ್ಲಿಂದ ಹೊರಡಲು ಒಪ್ಪಲೇ ಇಲ್ಲ. ಚಾವಣಿಯಿಂದ ಸಣ್ಣ ಸಣ್ಣ ಹಡಗಿನ ಗೊಂಬೆಗಳನ್ನು ನೇತುಹಾಕಿದ್ದಾರೆ. ಸಮುದ್ರದಲ್ಲಿ ಬದುಕಿ ಬಂದವರು ಒಪ್ಪಿಸಿದ್ದು ಅಂತ ಹೇಳಿದೆ. "ಹಂಗಾರೆ ಹರಕೆ" ಅಂದರು ಅಮ್ಮ. ಒಂದೊಂದನ್ನೇ ತಲೆಯೆತ್ತಿ ನೋಡಿದರು. ರಾತ್ರಿ ಪಾನಿಸ್ ತಿಂದೆವು. ಮುಂಜಾವು ಅವರೇ, ಅಮ್ಮ ವಿಧಾನ ಬರೆದುಕೊಂಡಿದ್ದಾರೆ.

29ರ ಬೆಳಿಗ್ಗೆ ಎಂಟಕ್ಕೆ ಕಸೀಸ್‌ನಿಂದ ಹೊರಟೆವು. ಪೋರ್-ಮಿಯು ಉದ್ದಕ್ಕೂ ನೂರಾರು ದೋಣಿ ಕಟ್ಟಿಹಾಕಿದ್ದರು. ಹಗ್ಗಗಳು ಟಿಣ್ ಟಿಣ್ ಅಂತ ಕಂಬಕ್ಕೆ ಬಡಿಯುತ್ತಿದ್ದವು. ಅಮ್ಮ ಕೋಲು ಹಿಡಿದು ನಿಧಾನಕ್ಕೆ ನಡೆದರು. ಪೋರ್-ಪ್ಯಾನ್ ತಲುಪಲು ಒಂದೂವರೆ ಗಂಟೆ. ಪೈನ್ ಮರದ ಅಂಟಿನ ವಾಸನೆ ಬಿಸಿಲಿಗೆ ಏಳುತ್ತಿತ್ತು. ಅಮ್ಮ ಸೀರೆ ಮೊಳಕಾಲಿಗೆ ಎತ್ತಿ ನೀರಲ್ಲಿ ನಿಂತರು. "ಏನ್ ತಣ್ಣಗೆ" ಅಂದರು, ಆದರೆ ಮೇಲೆ ಬರಲಿಲ್ಲ.

ಅಪ್ಪ, ನಾನು ಮುಂದೆ ಹೋದೆವು. ಆ ಸಂದಿಯಲ್ಲಿ ಕಲ್ಲು ನೀವು ಹೇಳಿದ ಹಾಗೇ ಮಿರುಗುತ್ತಿತ್ತು. ಅಪ್ಪ ಮಾತ್ರ ಅಡಿಕೆ ತೋಟದ ಧರೆ ಇಳಿದ ಹಾಗೆ ಅಡ್ಡಡ್ಡ ಕಾಲಿಟ್ಟು ಇಳಿದರು. ನಾನೇ ಎರಡು ಸಲ ಕೂತೆ. ನಡುವೆ ಒಂದು ಕಡೆ ನಿಂತು ಬಂಡೆಯ ಮೇಲೆ ಕೈಯಾಡಿಸಿದರು. ಅಲ್ಲಿ ಬಳೆ ಚೂರಿನಂಥ ಗೆರೆಗಳು ಕಲ್ಲಿನೊಳಗೆ ಕೂತಿದ್ದವು. ಚಿಪ್ಪು ಅಡ್ಡ ಸೀಳಿದ ಗುರುತು. ಶಿರಸಿಸೀಮೆಯವರು ಬರೆದದ್ದನ್ನು ಅಲ್ಲೇ ಓದಿ ಹೇಳಿದೆ. ಯಾಣದ ಮಾತು ಬಂದ ಕೂಡಲೇ ತಲೆಯಾಡಿಸಿದರು. "ಹಂಗಾರೆ ಇಡೀ ಗುಡ್ಡ ಸುಣ್ಣ" ಅಂದರು.

ಕೆಳಗೆ ತಲುಪಿದಾಗ ಹತ್ತೇ ಹತ್ತು ಜನ ಇದ್ದರು. ಎದುರಿಗೆ ದೇವರ ಬೆರಳು ಅಂತ ಕರೆಯುವ ಕಲ್ಲಿನ ಕಂಬ, ಅದರ ಮೇಲೆ ಇಬ್ಬರು ಹಗ್ಗ ಕಟ್ಟಿ ಹತ್ತುತ್ತಿದ್ದರು. ಅಪ್ಪ ಆ ಕಡೆ ನೋಡಲೇ ಇಲ್ಲ. ನೀರನ್ನೇ ನೋಡುತ್ತಾ ಬಹಳ ಹೊತ್ತು ಸುಮ್ಮನೆ ನಿಂತರು. ಆಮೇಲೆ ಹೇಳಿದ್ದು ಒಂದೇ ಮಾತು: "ಇದು ಬೋರ್ಡೋ ಬಣ್ಣ."

ಮಲೆನಾಡಿನವರಿಗೆ ಗೊತ್ತು. ಮಳೆಗಾಲದ ಮುಂಚೆ ಅಡಿಕೆಗೆ ಕೊಳೆ ಬಾರದಿರಲಿ ಅಂತ ಹೊಡೆಯುವ ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ ಎರಡೂ ಕಲಸಿ ಡ್ರಮ್ಮಿನಲ್ಲಿ ಮಾಡುವುದು. ಅದರ ತಿಳಿನೀಲಿ ನನ್ನ ಬಾಲ್ಯದ ಬಣ್ಣ. ಅಪ್ಪನ ಅಂಗಿಗಳಲ್ಲಿ ಈಗಲೂ ಆ ಕಲೆ ಇದೆ. ಬೋರ್ಡೋ ಅಂದರೆ ಈ ದೇಶದ್ದೇ ಊರು, ಅಲ್ಲಿನ ದ್ರಾಕ್ಷಿ ತೋಟದಲ್ಲಿ ಮೊದಲು ಬಳಸಿದ್ದು ಅಂತ ಹೇಳಿದೆ. ನಲವತ್ತು ವರ್ಷದಿಂದ ಬಾಯಲ್ಲಿದ್ದ ಹೆಸರು ಒಂದು ಊರು ಅಂತ ಅವರಿಗೆ ಅವತ್ತೇ ಗೊತ್ತಾದದ್ದು. ತಕ್ಷಣ ಫೋನ್ ತೆಗೆದರು. ತಮ್ಮನಿಗೆ ಕರೆ ಮಾಡಬೇಕಂತೆ, ಈ ಸಲ ಔಷಧಿ ಹೊಡೆಯುವುದು ಅವನ ಪಾಲಿಗೆ. ಸಿಗ್ನಲ್ ಸಿಗಲಿಲ್ಲ.

ಹೊರಡುವಾಗ ಒಂದು ಬಿಳಿ ಕಲ್ಲು ಜೇಬಿಗೆ ಹಾಕಿಕೊಂಡರು, ತುಳಸಿಕಟ್ಟೆಗೆ ಇಡಲು. ಇಲ್ಲಿಂದ ಕಲ್ಲು ಒಯ್ಯುವ ಹಾಗಿಲ್ಲ ಅಂದೆ. ಒಂದು ಮಾತೂ ಆಡದೆ ವಾಪಸ್ ಹೋಗಿ, ತೆಗೆದ ಜಾಗದಲ್ಲೇ ಇಟ್ಟು ಬಂದರು.

ಸಂಜೆ ಐದರ ದೋಣಿಯಲ್ಲಿ ನಾಲ್ಕೂ ಜನ ಹೋದೆವು. ಆನ್-ವೋ ಒಳಗೆ ದೋಣಿ ತಿರುಗಿದಾಗ ಅಪ್ಪ ಅಮ್ಮನಿಗೆ ಬೆರಳು ಮಾಡಿ ತೋರಿಸಿದರು, ನಾನು ಅಲ್ಲಿ ನಿಂತಿದ್ದೆ ಅಂತ.

ಕಾರಂಜಿಕೆರೆ

ತುಂಗಾತೀರ, ಓದಿ ಕಣ್ಣು ತುಂಬಿತು. ನನ್ನ ಅತ್ತೆ ಮಾವ ಸೆಪ್ಟೆಂಬರ್ ಕೊನೆಯಲ್ಲಿ ಬರುತ್ತಾರೆ. ಬಿಳಿಬಂಡೆಯವರೇ, ಆಗ ಹೇಗೆ?

ಬಿಳಿಬಂಡೆ

ಅಕ್ಟೋಬರ್ 1 ಆಗಲಿ, ದಿನಾ ಸಂಜೆ ಬಣ್ಣ ನೋಡುವ ಕಾಟ ಇರುವುದಿಲ್ಲ. ನೀರೂ ಮೇ ತಿಂಗಳಿಗಿಂತ ಬೆಚ್ಚಗಿರುತ್ತದೆ. ಬಂದಾಗ ಒಂದು ಮೆಸೇಜ್ ಹಾಕಿ, ಪೋರ್-ಪ್ಯಾನ್‌ವರೆಗೆ ನಾನೂ ಜೊತೆಗೆ ಬರುತ್ತೇನೆ.